ಮಾಲಿಂಗಪ್ಪನ ಎಡಗಾಲು

"ತುಳಿ!"

"ತುಳದ್ನಿ."

"ಹಿಡಿ! ಬಿಡಬ್ಯಾಡ!"

"ಹಿಡದೇನ್ರಿ. ಹಂಗ ಒದರಬ್ಯಾಡ್ರಿ, ಊರೇನ್ ಕಿವುಡೈತೇನು?"

ಇನ್ನಾ ಹೊತ್ತ ಹೊಂಟಿಲ್ಲ. ನಾಗನೂರ ದಾಟಿ ಮೂಡಲಗಿ ರೋಡಿನ ಬಾಜೂ ಒಂದ ತಗಡಿನ ಶೆಡ್ ಐತಿ. ಅಲ್ಲಿ ಗೋಣಿಚೀಲ ಹಾಸ್ಕೊಂಡ ಕಾರಿನ ಬುಡಕ ಮಲಗಿದಾಂವ ಮಾಲಿಂಗಪ್ಪ ಮಿಸ್ತ್ರಿ. ಮ್ಯಾಲ ಡ್ರೈವರ್ ಸೀಟಿನ್ಯಾಗ ಸೀರಿ ಎತ್ತಿ ಕಟ್ಟಿ ಕ್ಲಚ್ ತುಳ್ಯಾಕತ್ತಾಕಿ ಹೇಣ್ತಿ ಕಾಶೆವ್ವ. ಅಕೀ ತುಳದ ಹಿಡದಾಗ ಇಂವ ಬುಡಕಿನ ಸಣ್ಣ ನಟ್ ಸಡ್ಲ ಮಾಡ್ತಾನ. ಎಣ್ಣಿ ಜೋಡಿ ಹವಾದ ಗುಳ್ಳಿ ಬುಳುಬುಳು ಹೊರಗ ಬರ್ತಾವು. ನಟ್ ಬಿಗದ ಮ್ಯಾಲ ಅಕೀ ಕಾಲ ಬಿಡ್ತಾಳ. ಒಂದ ಗುಳ್ಳಿ ಒಳಗ ಉಳದ್ರೂ ಕ್ಲಚ್ ಪೂರಾ ಬಿಡೂದಿಲ್ಲ, ಗೇರ್ ಬೀಳೂದಿಲ್ಲ.

"ಈಗ ಹೆಂಗೈತಿ, ಕಾಶೀ?"

"ಮೊದಲ ನಾದಿದ ಹಿಟ್ಟಿನ್ಯಾಗ ಕಾಲ ಇಟ್ಟಂಗಿತ್ತು. ಈಗ ಜ್ವಾಳದ ಚೀಲ ತುಳದಂಗ ಐತಿ ನೋಡ್ರಿ."

ಗಾಡಿ ನಾಗನೂರಿನ ಶಿವಪುತ್ರಂದು. ಕ್ಲಚ್ಚಿನ ಎಣ್ಣಿ ಡಬ್ಬಿ ಒಣಗಿತ್ತಂತ, ಈ ಪುಣ್ಯಾತ್ಮ ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣಿ ಸುರದಾನ. ಹೈಡ್ರಾಲಿಕ್ ಅಂದ್ರ ಎಲ್ಲಾ ಒಂದ ಅಂತ ತಿಳಕೊಂಡಾನ! ಕಬ್ಬಿನ ಸೀಮ್ಯಾಗ ಮನಿಗೊಂದ ಟ್ರ್ಯಾಕ್ಟರ್ ಐತಿ, ಹಿಂಗಾಗಿ ಈ ಶಾಣ್ಯಾತನ ಎಲ್ಲಾರೂ ಮಾಡ್ತಾರ. ಮಾಲಿಂಗಪ್ಪ ಒಂದ ಗ್ಲಾಸ್ ನೀರಾಗ ಆ ಎಣ್ಣಿ ಎರಡ ಹನಿ ಬಿಟ್ಟ. ಕ್ಲಚ್ಚಿಗೆ ಹಾಕೂ ಬ್ರೇಕ್ ಆಯಿಲ್ ಆಗಿದ್ರ ನೀರಾಗ ಕೂಡಿಬಿಡ್ತಿತ್ತು. ಇದು ಸಾರಿನ ಮ್ಯಾಲಿನ ಎಣ್ಣಿಯಂಗ ತೇಲಿ ನಿಂತಿತು. ಒಳಗಿನ ರಬ್ಬರ್ ವಾಷರ್ ಎಲ್ಲಾ ಕರದ ಹಪ್ಪಳದಂಗ ಉಬ್ಬಿದ್ವು. ಎಲ್ಲಾ ತಗದ, ಪೈಪ್ ತೊಳದ, ಹೊಸಾವು ಹಾಕಿದ.

ಮಾಲಿಂಗಪ್ಪ ಕುರುಬರ ಮನಿ ಹುಡುಗ. ಕುರಿ ಬಿಟ್ಟ ಹುಕ್ಕೇರಿಗೆ ಹೋಗಿ ಗ್ಯಾರೇಜಿನ್ಯಾಗ ಕೆಲಸ ಕಲ್ತಾಂವ. ಚಪ್ಪಲಿ ಬಿಟ್ಟ ಬರೀ ಎಡಗಾಲಲೇ ಪೆಡಲ್ ತುಳದ ರೋಗ ಹೇಳಾವ. ಮೆತ್ತಗ ಇದ್ರ ಹವಾ. ತುಳದ ಹಿಡದಾಗ ಮೆಲ್ಲಕ ಇಳದ್ರ ಮ್ಯಾಲಿನ ಸಿಲಿಂಡರ್ ಒಳಗ ಸೋರಾಕತ್ತೇತಿ, ಹೊರಗ ಒಂದ ಹನಿ ಕಾಣೂದಿಲ್ಲ. ಒತ್ತಿದ್ದ ತಿರಗಿ ಬರ್ಲಿಲ್ಲಂದ್ರ ವಾಷರ್ ಉಬ್ಬೇತಿ. "ಮಾಲಿಂಗಪ್ಪನ ಕಾಲಾಗ ಕಣ್ಣದಾವು" ಅಂತಿದ್ರು ಮಂದಿ. ಗೋಕಾಕ, ಹುಕ್ಕೇರಿಯಿಂದ ದಿನಾ ಮೂರ್ನಾಕ ಗಾಡಿ ಬರ್ತಿದ್ವು. ಈಗ ವಾರಕ್ಕೊಂದ ಬಂದ್ರ ಅದ ದೊಡ್ಡದು.

ಸಕ್ಕರಿ ಬ್ಯಾನಿ ಬಂತು. ಒಂದ ದಿನ ಮನಿ ಒಳಗ ಬಂದಾಗ ಕಾಶೆವ್ವ ಚೀರಿದ್ಲು. ನೆಲದ ತುಂಬ ರಕ್ತದ ಹೆಜ್ಜಿ. ಎಡಗಾಲಾಗ ಮೊಳಿ ನೆಟ್ಟಿತ್ತು, ಇವಗ ಗೊತ್ತ ಇಲ್ಲ! ಕಾಲ ಸತ್ತಿತ್ತು. ಆದ್ರೂ ಬಾಯಿ ಬಿಡ್ಲಿಲ್ಲ. ಯಲ್ಲಾರಿ ಅನ್ನಾವನ ಕಾರ ತುಳದು "ಭೇಷ್ ಐತಿ, ಹೋಗು" ಅಂದ. ಖರೆ ಅಂದ್ರ ಪೆಡಲ್ ಮೆಲ್ಲಕ ಇಳ್ಯಾಕತ್ತಿತ್ತು. ಗೋಕಾಕ ಸಂತ್ಯಾಗ ಕ್ಲಚ್ ತುಳದ ನಿಂತ ಗಾಡಿ ತಾನ ಮುಂದ ಜಿಗೀತು. ಕಾಯಿಪಲ್ಲೆ ಮಾರೂ ಶೆಟ್ಟೆವ್ವನ ಮೊಣಕಾಲ ಮುರೀತು.

"ಅಂವ ಮುರದಿಲ್ರಿ, ನಾ ಮುರದ್ನಿ," ಅಂತಾನ ಮಾಲಿಂಗಪ್ಪ. "ಯಲ್ಲಾರೀನ್ನ ಬೈದ್ರು ಮಂದಿ. ನಾ ಸುಮ್ಮ ನಿಂತ್ನಿ."

ಅವತ್ತಿನಿಂದ ತುಳ್ಯಾಕಿ ಕಾಶೆವ್ವ. ಗಿರಾಕಿ ಬರೂದ್ರಾಗ ಮುಗೀಬೇಕಂತ ನಸಿಕಿನ್ಯಾಗ ಕೆಲಸ. ಈಗ ಇವನ ಎಡಗಾಲಿನ ಎರಡ ಬೆರಳ ಕಪ್ಪಾಗ್ಯಾವು. ಬರೂ ವಾರ ಅರ್ಧಾ ಪಾದ ತಗೀಬೇಕಂದಾರ ಡಾಕ್ಟರ್. "ಸಾಹೇಬ್ರ, ಬಲಗಾಲ ತಗೋರಿ, ಎಡಗಾಲ ಬಿಡ್ರಿ" ಅಂದ್ನಂತ. ಡಾಕ್ಟರ್ ನಕ್ರು. ಇಂವ ಚಾಷ್ಟಿ ಮಾಡಿರಲಿಲ್ಲ.

ಹೊತ್ತ ಏರಿದ ಮ್ಯಾಲ ಶಿವಪುತ್ರ ಬರ್ತಾನ. "ಕಾಕಾ, ಆತೇನು? ನೀ ಒಮ್ಮಿ ತುಳದ ಹೇಳು, ಒಯ್ತೇನಿ."

ಮಾಲಿಂಗಪ್ಪ ಸೀಟಿನ್ಯಾಗ ಕುಂಡ್ರತಾನ. ಕಾಲ ಇಡ್ತಾನ. ಪೆಡಲ್ ಕೆಳಗ ಹೋಗೂದ ಕಣ್ಣಿಗೆ ಕಾಣ್ತೈತಿ, ಕಾಲಿಗೆ ಏನೂ ಇಲ್ಲ. "ಭೇಷ್ ಐತಿ" ಅಂದ್ರ ಮುಗೀತಿತ್ತು. ಕಾಶೆವ್ವ ಬಾಜೂ ನಿಂತ ಗೋಣ ಹಾಕ್ತಾಳ, ಹಂಗ ಹೇಳ್ರಿ ಅಂತ.

"ನನ್ನ ಕಾಲಿಗೆ ತಿಳಿಯೂದಿಲ್ಲ ತಮ್ಮಾ. ಕಾಲ ಸತ್ತೈತಿ. ಅಕೀ ತುಳದಾಳ, ಅಕೀನ್ನ ಕೇಳು."

ಶಿವಪುತ್ರ ಅಕೀ ಮಾರಿ ನೋಡ್ತಾನ, ಇವನ ಮಾರಿ ನೋಡ್ತಾನ. "ಹೆಣಮಕ್ಕಳ ಕಾಲ ನಂಬಿ ಗಾಡಿ ಹೊಡೀಲೇನ ಕಾಕಾ? ಗೋಕಾಕದಾಗ ಒಮ್ಮಿ ತೋರಸ್ತೇನಿ ತಗೋ."

"ಟ್ರ್ಯಾಕ್ಟರ್ ಎಣ್ಣಿ ನಂಬಿದಿ, ನನ್ನ ಕಾಲ ನಂಬೂದಿಲ್ಲೇನೋ?" ಅಂತಾಳ ಕಾಶೆವ್ವ.

ಅಂವ ಗಾಡಿ ಚಾಲೂ ಮಾಡ್ತಾನ. ಗಾಡಿ ಹೋಗ್ತೈತಿ. ಸಂಜೀ ಮಟ ಈ ಸುದ್ದಿ ಮೂಡಲಗಿ ಮುಟ್ಟತೈತಿ, ನಾಳಿಂದ ಈ ಶೆಡ್ಡಿಗೆ ನಾಯಿನೂ ಹಣಕಿ ಹಾಕೂದಿಲ್ಲ. ಇಬ್ಬರಿಗೂ ಗೊತ್ತೈತಿ.

"ಏನ ಬೇಕ ನಿಮಗ?" ಅಂತ ಯಾರರೆ ಕೇಳಿದ್ರ ಮಾಲಿಂಗಪ್ಪ ಕೈ ಒರಸ್ಕೋತ ಕಾಲ ನೋಡ್ತಾನ.

"ಹವಾ ಎಲ್ಲಾ ಹೋದ ಮ್ಯಾಲ ಪೆಡಲ್ ಅಂಗಾಲಿಗೆ ಗಟ್ಟಿ ಹತ್ತತಿತ್ರಿ. ಅಕೀ ಗಟ್ಟಿ ಆತು ಅಂತಾಳ, ನಾ ಹೂಂ ಅಂತೇನಿ. ನನ್ನ ಕಾಲಿಗೆ ಇನ್ನೊಂದ ಸಲ ತಿಳೀಬೇಕ್ರಿ. ಆಮ್ಯಾಲ ಡಾಕ್ಟರ್ ಬೇಕಾದ್ರ ಕಡಕೊಂಡ ಹೋಗ್ಲಿ."