ನಮ್ಮ ಓಣಿಯಲ್ಲಿ ಬಿದ್ದ ವಿಮಾನ

ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್. ಆವತ್ತು ರಾತ್ರಿ ಪಾಳಿ ಮುಗಿಸಿ ಮನೆ ಸೇರಿದಾಗ ಬೆಳಗಿನ ಎಂಟೂವರೆ. ಒಂದಾದ ಮೇಲೊಂದು ಮೂರು ಹೆರಿಗೆಗಳಾಗಿದ್ದವು. ಪಾದಗಳು ಬಾತು, ಚಪ್ಪಲಿಯ ಪಟ್ಟಿ ಚರ್ಮದ ಮೇಲೆ ಗೆರೆ ಎಳೆದಿತ್ತು. ಯಜಮಾನರು ಗಂಗಾವತಿಯ ರೈಸ್ ಮಿಲ್ಲಿನ ಕೆಲಸಕ್ಕೆ ಆಗಲೇ ಬಸ್ಸು ಹತ್ತಿದ್ದರು. ಚಹಾ ಕೂಡ ಮಾಡಿಕೊಳ್ಳದೆ ನೆಲದ ಮೇಲೆ ಚಾಪೆ ಹಾಸಿ ಮಲಗಿದೆ.

ತರಬೇತಿಯ ಸಣ್ಣ ವಿಮಾನಗಳು ನಮ್ಮ ತಲೆಯ ಮೇಲೆ ಆಗಾಗ ಹಾರುತ್ತಿದ್ದವು. ಮೊದಮೊದಲು ಓಣಿಯವರೆಲ್ಲ ಮಾಳಿಗೆ ಹತ್ತಿ ನೋಡುತ್ತಿದ್ದೆವು, ಆಮೇಲೆ ಅದೂ ಬೇಸರವಾಯಿತು. ಅವತ್ತೂ ನಿದ್ದೆಗಣ್ಣಿನಲ್ಲೇ ಸದ್ದು ಕೇಳಿಸಿತು. ಎರಡು ಸಲ ತಡೆದು ತಡೆದು, ನಿಂತುಬಿಟ್ಟಿತು. ಸದ್ದು ನಿಂತದ್ದಕ್ಕೇ ನನಗೆ ಎಚ್ಚರವಾಯಿತು. ಮರುಕ್ಷಣ ಕರೆಂಟಿನ ತಂತಿಗಳು ಹರಿದ ಶಬ್ದ, ನಂತರ ಮನೆಯ ಗೋಡೆ ನಡುಗಿತು.

ಹೊರಗೆ ಓಡಿದೆ. ಎದುರು ಮನೆಯ ತಗಡು ಹೊದಿಸಿದ ಅಡುಗೆಕೋಣೆ ಇದ್ದ ಜಾಗದಲ್ಲಿ ಧೂಳು. ಬಿಳಿ ವಿಮಾನವೊಂದು ಆ ಕೋಣೆಯನ್ನು ಕೆಡವಿಕೊಂಡು ಬಂದು, ಓಣಿಗೆ ಅಡ್ಡಲಾಗಿ ಬಿದ್ದಿತ್ತು. ಒಂದು ರೆಕ್ಕೆಯೇ ಇರಲಿಲ್ಲ. ಎದುರು ಮನೆಯ ಚಾಚಿ ಬೀದಿ ನಳದ ಹತ್ತಿರ ಕೊಡ ಹಿಡಿದು ನಿಂತಿದ್ದರು. ಅರವತ್ತು ದಾಟಿದ ಹೆಂಗಸು, ನನ್ನ ಮಗಳನ್ನು ಎತ್ತಿ ಆಡಿಸಿದವರು. ಅವರ ಗಂಡ, ಚಾಚಾ, ಎಲ್ಲಿ ಎಂದು ಕೇಳಿದೆ.

"ಒಳಗ ಚಾ ಕುಡಿಯಾಕ ಕುಂತಿದ್ರವ್ವಾ," ಅಂದರು.

ನಾಲ್ಕೈದು ಗಂಡಸರು ಬಿದ್ದ ತಗಡುಗಳನ್ನು ಎತ್ತತೊಡಗಿದರು. ಪೆಟ್ರೋಲಿನ ವಾಸನೆ ಓಣಿ ತುಂಬಿತ್ತು. ಯಾರೋ ಲೈನ್‌ಮ್ಯಾನ್‌ಗೆ ಫೋನ್ ಮಾಡಿ ಕರೆಂಟ್ ತೆಗೆಸಿದರು, ಕಟ್ಟಡಕ್ಕೆಂದು ತಂದ ಉಸುಕನ್ನು ಬುಟ್ಟಿಯಲ್ಲಿ ತುಂಬಿ ಸುರಿದರು. ವಿಮಾನದಲ್ಲಿ ಇಬ್ಬರಿದ್ದರು. ಕಲಿಯಲು ಬಂದ ಹುಡುಗಿಯ ಕಾಲು ಮುರಿದಿತ್ತು, ಅವಳನ್ನು ಹೊರಗೆಳೆದು ಆಟೋದಲ್ಲಿ ಕಳಿಸಿದೆವು. ಕಲಿಸುವಾತ ಮಾತ್ರ ಸೀಟಿನಲ್ಲೇ ಸಿಕ್ಕಿಬಿದ್ದಿದ್ದ. ಎದೆಯ ಮೇಲೆ ಕಬ್ಬಿಣ ಕೂತಿತ್ತು. ನಲವತ್ತರ ಆಸುಪಾಸು. ನಾಡಿ ಹಿಡಿದು ನೋಡಿದೆ, ಇನ್ನು ಹೆಚ್ಚು ಹೊತ್ತು ಉಳಿಯುವುದಿಲ್ಲ ಎಂಬುದು ನನಗೆ ತಿಳಿಯಿತು. ಕಬ್ಬಿಣ ಕತ್ತರಿಸುವವರು ಬರುವತನಕ ನಾನು ಮಾಡುವುದು ಏನೂ ಇರಲಿಲ್ಲ. ಕೈ ಹಿಡಿದು ಕೂತೆ.

ಅವನು ಹಿಂದಿಯಲ್ಲಿ ಏನೋ ಕೇಳಿದ. ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಚಾಚಿ ಯಾವಾಗಲೋ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. ಅವರಿಗೆ ಪೂರ್ತಿ ತಿಳಿಯಿತು: ಕೆಳಗೆ ಯಾರ ಮೇಲಾದರೂ ಬಿದ್ದೆವಾ ಎಂದು ಅವನು ಕೇಳುತ್ತಿದ್ದ. ಚಾಚಿ ಬಾಗಿ, ಅವನ ಹಣೆಯ ಧೂಳನ್ನು ಸೆರಗಿನಿಂದ ಒರೆಸಿ, ತಮ್ಮ ಮನೆಮಾತು ಉರ್ದುವಿನಲ್ಲಿ ಉತ್ತರ ಕೊಟ್ಟರು. ಯಾರಿಗೂ ಏನೂ ಆಗಿಲ್ಲ ಬೇಟಾ, ಮನೆ ಖಾಲಿ ಇತ್ತು ಎಂದರು. ಹಿಂದುಗಡೆ ಗಂಡಸರು ಇನ್ನೂ ಇಟ್ಟಿಗೆ ಎತ್ತಿ ಹಾಕುತ್ತಿದ್ದರು. ಅವನು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ನನ್ನ ಬೆರಳಿಗೆ ನಾಡಿ ಸಿಗದಾಯಿತು.

ಆಮೇಲೆ ಚಾಚಾ ಓಣಿಯ ಆ ಕೊನೆಯಿಂದ ನಡೆದು ಬಂದರು, ಹೆಗಲ ಮೇಲೆ ಜೋಳದ ಹಿಟ್ಟಿನ ಚೀಲ. ಚಾಚಿ ನಳಕ್ಕೆ ಹೋದ ಮೇಲೆ, ಚಹಾ ಕುದಿಯುವುದರೊಳಗೆ ಬಂದರಾಯಿತೆಂದು ಗಿರಣಿಗೆ ಹೋದವರು ಅಲ್ಲಿ ಪಾಳಿಗೆ ಕೂತುಬಿಟ್ಟಿದ್ದರು. ಚಾಚಿ ಅವರನ್ನು ನೋಡಿ ಅಳಲಿಲ್ಲ, ಹೆಗಲ ಮೇಲಿನ ಚೀಲವನ್ನು ಇಳಿಸಿಕೊಂಡರು.

ಆಮೇಲಿನ ದಿನಗಳು ನನ್ನನ್ನು ದಣಿಸಿದಷ್ಟು ಆ ಬೆಳಗೂ ದಣಿಸಲಿಲ್ಲ. ಪೊಲೀಸರಿಗೆ ಒಮ್ಮೆ, ತಹಶೀಲ್ದಾರರ ಕಚೇರಿಯಲ್ಲಿ ಒಮ್ಮೆ, ದೆಹಲಿಯಿಂದ ತನಿಖೆಗೆ ಬಂದವರ ಮುಂದೆ ಎರಡು ಸಲ ಅದೇ ಹೇಳಿಕೆ. ಹಿಟ್ನಾಳ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಜನ ಬೈಕ್ ಮೇಲೆ ಬಂದು ಫೋಟೊ ತೆಗೆದುಕೊಂಡರು. ನಿದ್ದೆಗೆ ಕಣ್ಣು ಮುಚ್ಚಿದರೆ ಯಾರಾದರೂ ಬಾಗಿಲು ಬಡಿದು, ಎಲ್ಲಿ ಬಿತ್ತು ತೋರಿಸ್ರಿ ಅನ್ನುತ್ತಿದ್ದರು. ವಾರ್ಡಿನಲ್ಲಿ ಬಾಣಂತಿಯರೂ ಅದನ್ನೇ ಕೇಳುತ್ತಿದ್ದರು. ಬರಬರುತ್ತ ನನ್ನ ಮಾತು ನನಗೇ ಬೇರೆ ಯಾರದೋ ಅನ್ನಿಸತೊಡಗಿತು.

ಎರಡು ತಿಂಗಳಾದ ಮೇಲೆ ಸತ್ತವನ ಹೆಂಡತಿ ಬಂದಳು, ಜೊತೆಗೆ ಅವಳ ಅಣ್ಣ. ಕೊನೆಗೆ ಅವನು ಏನಾದರೂ ಹೇಳಿದನೇ ಎಂಬುದೊಂದೇ ಅವಳ ಪ್ರಶ್ನೆ. ಚಾಚಿ ಹೊರಗಿನ ಕೋಣೆಯಲ್ಲಿ ಅವಳನ್ನು ಕೂರಿಸಿ, ಸ್ಟೋವ್ ಮೇಲೆ ಚಹಾ ಮಾಡಿದರು; ಅಡುಗೆಕೋಣೆಗೆ ಇನ್ನೂ ಮೇಲ್ಛಾವಣಿ ಆಗಿರಲಿಲ್ಲ. ಅವನು ಕೇಳಿದ್ದನ್ನು ಹೇಳಿದರು, ತಾವು ಕೊಟ್ಟ ಉತ್ತರವನ್ನೂ ಹೇಳಿದರು. ಅಷ್ಟಕ್ಕೆ ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ. ತಮ್ಮ ಗಂಡ ಒಳಗೇ ಇದ್ದಾರೆಂದು ನಂಬಿಕೊಂಡೇ ಹಾಗೆ ಹೇಳಿದ್ದೆಂದೂ ತಿಳಿಸಿದರು. ಆ ಹೆಂಗಸು ಚಾಚಿಯ ಕೈ ಹಿಡಿದುಕೊಂಡಳು.

ಅವರು ಹೋದ ಮೇಲೆ ಕೇಳಿದೆ, ಆ ಹೊತ್ತಿನಲ್ಲಿ ನಿಮಗೆ ಹಾಗೆ ಹೇಳಲು ಹೇಗೆ ಬಾಯಿ ಬಂತು?

"ಅಂವ ಹೊಂಟಿದ್ನವ್ವಾ. ಹೊರೆ ಹೊತ್ಕೊಂಡು ಯಾಕ ಹೋಗಬೇಕು?" ಅಂದು ಕಪ್ಪು ಬಸಿಗಳನ್ನು ತೊಳೆಯಲು ಎದ್ದರು.

ನನಗೆ ಎರಡು ಗಂಟೆಗೆ ಡ್ಯೂಟಿ ಇತ್ತು. ಮನೆಗೆ ಬಂದು ಅರ್ಧ ತಾಸು ಅಡ್ಡಾದೆ. ನಿದ್ದೆ ಹತ್ತಲಿಲ್ಲ. ಎದ್ದು ಮುಖ ತೊಳೆದು, ಬಸ್ ಸ್ಟ್ಯಾಂಡಿನ ಕಡೆ ನಡೆದೆ.