ರಿಮೋಟಿನ ಸೊಟ್ಟ ಗುಂಡಿಗಳು

ಮಾದರಿ ವಿಮಾನ ಹಾರಿಸುವ ಹಳೆಯ ರಿಮೋಟುಗಳೆಂದರೆ ಲೇತ್ ಮೇಸ್ತ್ರಿಗೆ ಪಂಚಪ್ರಾಣ; ಯಾರ್ಯಾರೋ ಬಳಸಿ ಬಿಟ್ಟವನ್ನು ತಂದು ಮನೆಯಲ್ಲಿ ಜೋಡಿಸಿಟ್ಟಿದ್ದಾರೆ. ವಿಮಾನ ಒಂದು ಕಡೆ ವಾಲಿದರೆ ಸರಿದೂಗಿಸಲು ಅವುಗಳಲ್ಲಿ ಪುಟ್ಟ ಪುಟ್ಟ ಗುಂಡಿಗಳಿರುತ್ತವೆ. ಹಾರಿಸಿದವನು ಕೊನೆಯ ಸಲ ಅವನ್ನು ಎಲ್ಲಿಗೆ ಸರಿಸಿದ್ದನೋ ಅಲ್ಲೇ ಇರಬೇಕು, ಅದು ಅವನ ಕೈಬರಹವಿದ್ದಂತೆ ಎನ್ನುವುದು ಮೇಸ್ತ್ರಿಯ ಹಟ. ಮನೆಗೆ ಬಂದ ಭಾಮೈದ ಒಂದು ರಿಮೋಟಿನ ಗುಂಡಿಗಳನ್ನೆಲ್ಲ ನಟ್ಟನಡುವಿಗೆ ತಂದಿಟ್ಟುಬಿಟ್ಟ.

"ಸೊಟ್ಟಗಿತ್ತು ಭಾವ, ಸರಿ ಮಾಡ್ದೆ."

ಮೇಸ್ತ್ರಿ ಕೆಂಡಾಮಂಡಲವಾದರು. "ಇನ್ನೊಬ್ಬರ ಕೈಬರಹ ತಿದ್ದೋಕೆ ನೀನ್ಯಾವನೋ? ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದೀನಿ. ತಲೇಲೇನು ಸಗಣಿ ತುಂಬಿದ್ಯಾ?"

ಕೂಗಾಟ ಕೇಳಿ ಹೆಂಡತಿ ಧೂಳೊರೆಸುವ ಬಟ್ಟೆ ಹಿಡಿದೇ ಬಂದಳು.

"ಅವನ ಮೇಲ್ಯಾಕೆ ಹಾರಾಡ್ತೀರಿ? ವಾರವಾರ ನಾನು ಒರೆಸುವಾಗ ಎಲ್ಲಾ ಸರಿದುಹೋಗುತ್ತೆ. ನಿಮಗೆ ಸೊಟ್ಟಗಿದ್ರೇನೇ ಇಷ್ಟ ಅಂತ, ಆಮೇಲೆ ನಾನೇ ಒಂದೊಂದನ್ನೂ ಸೊಟ್ಟ ಮಾಡಿಡ್ತೀನಿ."