ಬದಲಿ ಮಗು

ನನ್ನ ತಂಗಿಗೆ ಆರು ವರ್ಷವಾಗಿದ್ದಾಗ, ಅವಳು ನಮ್ಮ ಮನೆಯ ಮಗುವೇ ಅಲ್ಲವೆಂದು ನಾನು ಅವಳನ್ನು ನಂಬಿಸಿದೆ. ತಮಾಷೆಗೆ ಅಂದ ಮಾತಲ್ಲ. ಸಮಯ ನೋಡಿ, ಯಾರೂ ಇಲ್ಲದಾಗ ಹೇಳಿದ್ದು. ಅವಳು ನಂಬಿದಳು. ಅದು ಸುಳ್ಳೆಂದು ಆಮೇಲಾದರೂ ಹೇಳಬಹುದಿತ್ತು. ಅಮ್ಮ ಸಾಯುವವರೆಗೂ ಹೇಳಲಿಲ್ಲ.

ಗವಿಪುರಂನಲ್ಲಿ ನಮ್ಮ ಮನೆ. ಅಪ್ಪನಿಗೆ ಪೇಟೆಯಲ್ಲಿ ಜವಳಿ ಅಂಗಡಿ. ಮಕ್ಕಳು ನಾವಿಬ್ಬರೇ. ನಾನು ಗಿರಿಜೆ, ಹೈಸ್ಕೂಲಿನಲ್ಲಿದ್ದೆ; ತಂಗಿ ನಾಗರತ್ನ, ಎಲ್ಲರ ಬಾಯಲ್ಲಿ ನಾಗು. ಇಂಗ್ಲಿಷಿನವರು ಗಂಟುಮೂಟೆ ಕಟ್ಟಿ ತಮ್ಮ ದೇಶಕ್ಕೆ ಹೊರಡುತ್ತಿದ್ದ ಕಾಲ ಅದು. ದಂಡಿನ ಕಡೆ ಒಬ್ಬ ದೊರೆಯ ಮನೆಯ ಸಾಮಾನು ಹರಾಜಾದಾಗ ಅಪ್ಪ ತೇಗದ ಕಪಾಟೊಂದನ್ನು ತಂದರು. ಅದರ ಕೆಳಗಿನ ಖಾನೆಯಲ್ಲಿ ಆ ಪುಸ್ತಕ ಉಳಿದುಹೋಗಿತ್ತು.

ದಪ್ಪ ರಟ್ಟಿನ ದೊಡ್ಡ ಪುಸ್ತಕ. ಒಳಗೆಲ್ಲ ಅವರ ನಾಡಿನ ಕಿನ್ನರರ ಕಥೆಗಳು. ಕಿನ್ನರರು ಎನ್ನುವುದು ನಾನು ಕೊಟ್ಟ ಹೆಸರು. ಯಕ್ಷಿಣಿ ಎಂದರೆ ಹೊಂದುತ್ತಿರಲಿಲ್ಲ, ಮೋಹಿನಿ ಎಂದರೆ ಬೀದಿಯ ಮಕ್ಕಳು ಹೆದರುತ್ತಿದ್ದವು. ಬಣ್ಣದ ಚಿತ್ರಗಳ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದವಿತ್ತು. ಅದನ್ನು ಎತ್ತುವ ಮೊದಲೇ ಕೆಳಗಿನದು ಮಸುಕಾಗಿ ಕಾಣುತ್ತಿತ್ತು — ಬೇರುಗಳ ನಡುವೆ ಒಂದು ಮುಖ, ನಾಯಿಕೊಡೆಯ ಅಡಿಯಲ್ಲಿ ಒಂದು ಪುಟ್ಟ ಕೈ. ಸಂಜೆ ಜಗಲಿಯ ಮೇಲೆ ನಾನು ಪುಸ್ತಕ ಬಿಚ್ಚಿದರೆ ಮಕ್ಕಳು ಮೈಮೇಲೆ ಬೀಳುತ್ತಿದ್ದವು. ಎದುರುಮನೆಯ ಹೆಂಗಸರೂ ಅಕ್ಕಿ ಆರಿಸುವ ಮೊರವನ್ನು ಹಿಡಿದುಕೊಂಡೇ ಬಂದು ಕೂರುತ್ತಿದ್ದರು. “ಇನ್ನೊಂದ್ಸಲ ಆ ಮರದ್ದು ತೋರ್ಸೇ ಗಿರಿಜಾ” ಎನ್ನುತ್ತಿದ್ದರು. ಆ ಚಿತ್ರಗಳ ರುಚಿಯೇ ಅಂಥದು. ಮೊದಲು ಬರೀ ಮರ ಕಾಣುತ್ತದೆ. ನೋಡುತ್ತ ನೋಡುತ್ತ ಅದರ ತೊಗಟೆಯಲ್ಲಿ ಕಣ್ಣುಗಳು ಕಾಣುತ್ತವೆ. ಒಮ್ಮೆ ಕಂಡವೋ, ಮತ್ತೆಂದೂ ಅದು ಬರೀ ಮರವಾಗುವುದಿಲ್ಲ.

ಒಂದು ಚಿತ್ರವನ್ನು ಮಾತ್ರ ನಾನು ಯಾರಿಗೂ ತೋರಿಸುತ್ತಿರಲಿಲ್ಲ. ಕಿನ್ನರರು ಮನುಷ್ಯರ ಮಗುವನ್ನು ಕದ್ದು, ಅದರ ಜಾಗದಲ್ಲಿ ತಮ್ಮದೊಂದನ್ನು ಬಿಟ್ಟುಹೋಗುವ ಕಥೆಯ ಚಿತ್ರ ಅದು. ಬದಲಿ ಮಗು ಒಲೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದೆ. ಹೆಚ್ಚುಕಡಿಮೆ ಬೋಳು ತಲೆ, ಮುದುಕಿಯ ಕಣ್ಣು. ಏನೂ ತಿಳಿಯದ ತಾಯಿ ಅದಕ್ಕೆ ಉಣಿಸುತ್ತಿದ್ದಾಳೆ.

ಆ ವರ್ಷ ನಾಗುವಿಗೆ ಗಂಟಲಮಾರಿ ಬಂತು. ಅಂಟುರೋಗದ ಆಸ್ಪತ್ರೆಗೆ ಸೇರಿಸಲೇಬೇಕೆಂದು ಡಾಕ್ಟರು ಹೇಳಿದರು. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಅಮ್ಮ ದಿನವೂ ಹೋಗಿ ಗೇಟಿನ ಆಚೆ ನಿಂತು ಬರುತ್ತಿದ್ದಳು. ಒಳಗಿದ್ದ ನಾಗುವಿಗೆ ಅದು ಗೊತ್ತಿರಲಿಲ್ಲ.

ಬಹಳ ದಿನಗಳ ಮೇಲೆ ಅವಳನ್ನು ಮನೆಗೆ ಕರೆತಂದರು. ಆಸ್ಪತ್ರೆಯಲ್ಲಿ ಹೇನಾಗಿದೆ ಎಂದು ಕೂದಲನ್ನು ಕತ್ತರಿಸಿಬಿಟ್ಟಿದ್ದರು. ಮಾತು ಮೂಗಿನಿಂದ ಬರುತ್ತಿತ್ತು, ಅವಳ ದನಿಯೇ ಅಲ್ಲ. ಹಾಲೆಂದರೆ ಪ್ರಾಣ ಬಿಡುತ್ತಿದ್ದವಳು ಲೋಟವನ್ನು ದೂರ ತಳ್ಳಿದಳು. ನಗಲಿಲ್ಲ. ಬೆಚ್ಚಗಿರಲೆಂದು ಅಮ್ಮ ಅವಳನ್ನು ಒಲೆಯ ಪಕ್ಕ ಕೂರಿಸಿದಳು, ಮತ್ತು ನಾನು ಬಾಗಿಲಲ್ಲಿ ನಿಂತು —

ಚಿತ್ರವೇ ನನ್ನೆದುರು ಕೂತಿತ್ತು.

ಅಂದಿನಿಂದ ಅವಳ ಮೇಲೆ ಕಣ್ಣಿಟ್ಟೆ. ಅವಳು ನಿದ್ದೆ ಮಾಡುವುದನ್ನು, ತಿನ್ನುವುದನ್ನು, ಗೋಡೆ ಹಿಡಿದು ನಡೆಯುವುದನ್ನು ಕದ್ದು ನೋಡಿದೆ. ಕನ್ನಡಿಯ ಮುಂದೆ ಯಾಕೆ ನಿಲ್ಲುವುದಿಲ್ಲ? ಬೆಕ್ಕು ಯಾಕೆ ಅವಳ ಹತ್ತಿರ ಬರುವುದಿಲ್ಲ? ಒಂದು ದಿನ ಪರೀಕ್ಷೆಯನ್ನೂ ಮಾಡಿದೆ. “ನಾವಿಬ್ರೂ ಒಡೆದ ಗಾಜಿನ ಬಳೆ ಎಲ್ಲಿ ಬಚ್ಚಿಟ್ಟಿದ್ವಿ, ಹೇಳು?” ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ತಿಳಿಯದ ಜಾಗ ಅದು. “ಬಚ್ಚಲ ಹಿಂದೆ, ಕಲ್ಲಿನ ಕೆಳಗೆ” ಎಂದಳು, ಆ ಮೂಗಿನ ದನಿಯಲ್ಲೇ.

ಸರಿಯಾದ ಉತ್ತರ. ಅಲ್ಲಿಗೆ ಮುಗಿಯಬೇಕಿತ್ತು. ನಾನು ಮುಗಿಸಲಿಲ್ಲ. ಕಿನ್ನರರಿಗೆ ಎಲ್ಲ ಗೊತ್ತಿರುತ್ತದೆ ಎಂದುಕೊಂಡೆ.

ಆಗ ನಾನು ನಿಜವಾಗಿ ನಂಬಿದ್ದೆನೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಂಬಿದ್ದೆ ಎಂದರೆ ಮನಸ್ಸು ಹಗುರವಾಗುತ್ತದೆ, ಅದಕ್ಕೇ ಆ ಉತ್ತರದ ಮೇಲೂ ನನಗೆ ಅನುಮಾನ. ಅಮ್ಮ ಆಗ ನಾಗುವಿನ ಮಗ್ಗುಲು ಬಿಟ್ಟು ಏಳುತ್ತಿರಲಿಲ್ಲ. ಸ್ಕೂಲು ತಪ್ಪಿಸಿ ಅಡುಗೆ ಮಾಡುತ್ತಿದ್ದವಳು ನಾನು. ಉಂಡೆಯಾ ಎಂದು ನನ್ನನ್ನು ಯಾರೂ ಕೇಳುತ್ತಿರಲಿಲ್ಲ.

ಅಮ್ಮ ನೀರು ಸೇದಲು ಹೋಗಿದ್ದಾಗ ಪುಸ್ತಕವನ್ನು ತಂದು, ತೆಳು ಕಾಗದವನ್ನು ಎತ್ತಿ, ಆ ಚಿತ್ರವನ್ನು ಅವಳ ಮುಂದೆ ಹಿಡಿದೆ.

“ನೋಡು, ಇದು ನೀನೇ. ನೀನು ನಮ್ಮ ನಾಗು ಅಲ್ಲ. ನಮ್ಮ ನಾಗೂನ ಕಿನ್ನರರು ನೆಲದೊಳಗಡೆ ಇಟ್ಕೊಂಡಿದಾರೆ. ಅಮ್ಮಂಗೆ ಗೊತ್ತಿಲ್ಲ. ಗೊತ್ತಾದ್ರೆ ಅಮ್ಮ ಸತ್ತೋಗ್ತಾಳೆ.”

ಅವಳು ಅಳಲಿಲ್ಲ. ಚಿತ್ರವನ್ನು ನೋಡಿದಳು, ತನ್ನ ತಲೆಯನ್ನು ಮುಟ್ಟಿಕೊಂಡಳು. “ನಾನು ಹೇಳಲ್ಲ ಅಕ್ಕ” ಎಂದಳು.

ಹೇಳಲೂ ಇಲ್ಲ. ಅಮ್ಮ ಎಂದು ಕರೆಯುವುದನ್ನು ನಿಲ್ಲಿಸಿದಳು, ಅಷ್ಟೇ. “ಇಲ್ಲಿ ಕೂತ್ಕೋಬೋದಾ?” “ಇನ್ನೊಂದು ರೊಟ್ಟಿ ತಗೋಬೋದಾ?” — ನೆಂಟರ ಮನೆಗೆ ಬಂದ ಮಗುವಿನ ಹಾಗೆ ಪ್ರತಿಯೊಂದಕ್ಕೂ ಅಪ್ಪಣೆ ಕೇಳತೊಡಗಿದಳು. ಅಮ್ಮ ತಬ್ಬಿಕೊಂಡರೆ ಮೈ ಬಿಗಿ ಮಾಡಿ ಕಾಯುತ್ತಿದ್ದಳು, ಬಿಡುವವರೆಗೆ.

ಡಾಕ್ಟರು ಒಮ್ಮೆ ಮನೆಗೆ ಬಂದರು. “ಈ ಕಾಯಿಲೆ ಆದ್ಮೇಲೆ ಗಂಟಲಿನ ನರ ಸ್ವಲ್ಪ ಸೋಲ್ತವೆ. ಹಾಲು ಮೂಗಿಗೆ ಬರುತ್ತೆ, ಅದಕ್ಕೇ ಕುಡಿಯಲ್ಲ. ದನಿ ತಾನಾಗೇ ಸರಿಹೋಗುತ್ತೆ” ಎಂದು ಅಪ್ಪನಿಗೆ ಹೇಳಿದರು. ನಾನು ಅಲ್ಲೇ ಕಾಫಿ ಹಿಡಿದು ನಿಂತಿದ್ದೆ. ಎಲ್ಲವನ್ನೂ ಕೇಳಿಸಿಕೊಂಡೆ. ಆ ದಿನದ ಮೇಲೆ ನಂಬಿಕೆ ಎನ್ನುವ ನೆಪವೂ ನನಗೆ ಉಳಿಯಲಿಲ್ಲ. ಆದರೂ... ಹೇಳಿದರೆ ಅಮ್ಮ ನನ್ನನ್ನು ಏನೆಂದುಕೊಳ್ಳುತ್ತಾಳೋ ಎಂಬ ಭಯ.

ಆಮೇಲೊಂದು ಮಧ್ಯಾಹ್ನ ನಾಗು ಕಾಣೆಯಾದಳು. ಬೀದಿಯೆಲ್ಲ ಹುಡುಕಿದೆವು. ಕೊನೆಗೆ ಗಂಗಾಧರೇಶ್ವರನ ಗುಡಿಯ ಅರ್ಚಕರು ಅವಳ ಕೈ ಹಿಡಿದು ಕರೆತಂದರು. ಗರ್ಭಗುಡಿಯನ್ನು ಸುತ್ತುವ ಕತ್ತಲೆಯ ಗವಿಯಲ್ಲಿ, ಕಾಶಿಗೆ ಸುರಂಗವಿದೆ ಎಂದು ಜನ ಹೇಳುವ ಕಡೆ, ಕೂತಿದ್ದಳಂತೆ. ಮಡಿಲಲ್ಲಿ ಒಂದು ಗಂಟು. ಅದರಲ್ಲಿ ಹಬ್ಬದ ಲಂಗ, ಕಾಲ್ಗೆಜ್ಜೆ.

“ಯಾರನ್ನೋ ಕರೀತಾ ಕೂತಿತ್ತು ಕಣಮ್ಮ” ಎಂದರು ಅರ್ಚಕರು. “ನೀನು ಬಾ, ನಿನ್ನ ಬಟ್ಟೆ ತಂದಿದೀನಿ, ನಾನು ಹೋಗ್ತೀನಿ ಅಂತಿತ್ತು.”

ಅಮ್ಮ ಅವಳ ಭುಜ ಹಿಡಿದು ಅಲುಗಿಸಿದಳು. “ಯಾಕೆ ಹೋದೆ ಮಗಳೇ? ಯಾರನ್ನ ಕರೀತಿದ್ದೆ?” ನಾಗು ನನ್ನತ್ತ ನೋಡಿದಳು. ಬಾಯಿ ಬಿಡಲಿಲ್ಲ. ನನಗೆ ಕೊಟ್ಟ ಮಾತನ್ನು ಉಳಿಸಿದಳು, ಆರು ವರ್ಷದ ಮಗು. ನಾನೂ ಬಾಯಿ ಬಿಡಲಿಲ್ಲ.

“ಆಸ್ಪತ್ರೇಲಿ ಬಿಟ್ಟು ಬಂದೆ ಅಂತ ನನ್ನ ಮೇಲೆ ಮುನಿಸ್ಕೊಂಡಿದಾಳೆ” ಎಂದು ಅಮ್ಮ ಗೋಡೆಗೊರಗಿ ಕೂತಳು. ಆ ತೀರ್ಮಾನವನ್ನು ಮತ್ತೆಂದೂ ಬಿಡಲಿಲ್ಲ. ಪುಸ್ತಕವನ್ನು ನಾನು ಅಟ್ಟದ ಮೂಲೆಗೆ ತಳ್ಳಿದೆ. ಗೆದ್ದಲು ತಿಂದು ಮುಗಿಸಿತು.

ನಾಗು ಬೆಳೆದಳು. ದನಿ ಮರಳಿತು, ಕೂದಲು ಸೊಂಟದವರೆಗೆ ಬಂತು. ಚಿಕ್ಕ ವಯಸ್ಸಿಗೇ ಮಲ್ಲೇಶ್ವರದವರಿಗೆ ಕೊಟ್ಟು ಮದುವೆ ಮಾಡಿದರು. ಅಮ್ಮನ ಮುಂದೆ ಮಾತ್ರ ಅವಳದು ಕೊನೆಯವರೆಗೂ ನೆಂಟರ ನಡವಳಿಕೆ. ಅಮ್ಮ ಹಾಸಿಗೆ ಹಿಡಿದಾಗ ಒಂದು ದಿನ ನನ್ನನ್ನು ಕೇಳಿದಳು: “ನಾಗೂಗೆ ನನ್ನ ಮೇಲಿನ ಕೋಪ ಹೋಯ್ತೇನೆ?”

“ಅವಳಿಗೆ ಅದೆಲ್ಲ ನೆನಪೇ ಇಲ್ಲ, ಬಿಡಮ್ಮ” ಎಂದೆ.

ಅಮ್ಮ ಹೋದಾಗ ನಾಗು ಅಳಲಿಲ್ಲ. ಕಲ್ಲು ಮನಸ್ಸಿನವಳು ಎಂದು ನೆಂಟರು ಅವಳೆದುರೇ ಆಡಿಕೊಂಡರು. ನಾನು ತಲೆ ತಗ್ಗಿಸಿ ಬಂದವರಿಗೆ ನೀರು ಕೊಡುತ್ತಿದ್ದೆ.

ಮರುವರ್ಷ ಅವಳಿಗೆ ಹೆಣ್ಣು ಮಗುವಾಯಿತು. ನೋಡಲು ಹೆರಿಗೆ ಆಸ್ಪತ್ರೆಗೆ ಹೋದೆ. ಮಗುವಿನ ಕಾಲಿಗೆ ಗುರುತಿಗೆಂದು ನೀಲಿ ದಾರವನ್ನು ಬಿಗಿಯಾಗಿ ಸುತ್ತಿದ್ದಳು, ಚರ್ಮ ಕೆಂಪಾಗಿತ್ತು. ಸ್ನಾನ ಮಾಡಿಸಲು ನರ್ಸ್ ಎತ್ತಿಕೊಂಡರೆ, ಹಸಿ ಬಾಣಂತಿ ಹಾಸಿಗೆಯಿಂದ ಇಳಿದು ಹಿಂದೆಯೇ ಹೊರಟಳು. “ಇದು ನಂದೇ ತಾನೆ? ನೀವು ನೋಡ್ತಾನೇ ಇದ್ರಿ ತಾನೆ?” ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಆಮೇಲೆ ನನ್ನನ್ನು ನೋಡಿ ಮೆಲ್ಲಗೆ ಅಂದಳು: “ಸುಳ್ಳು ಅಂತ ಗೊತ್ತು ಅಕ್ಕ. ಗೊತ್ತಿದ್ರೂ ಆಗಲ್ಲ.”

ಆಗ ಹೇಳಿದೆ. ಡಾಕ್ಟರು ಅಂದದ್ದು, ನಾನು ಮುಚ್ಚಿಟ್ಟದ್ದು, ಗೇಟಿನ ಆಚೆ ಅಮ್ಮ ದಿನವೂ ನಿಲ್ಲುತ್ತಿದ್ದದ್ದು, ಅಮ್ಮ ಕೊನೆಗೆ ಕೇಳಿದ ಮಾತು — ಎಲ್ಲವನ್ನೂ.

ಅವಳು ಕೇಳಿದ್ದು ಒಂದೇ: “ಅಮ್ಮ ಏನು ಅಂದ್ಕೊಂಡು ಸತ್ತಳು?”

“ನಿನಗೆ ಕೋಪ ಅಂತ.”

“ನಿಂಗೆ ಗೊತ್ತಿದ್ದೂ ಹೇಳ್ಲಿಲ್ಲ.”

“ಹೇಳ್ಲಿಲ್ಲ.”

ನಾಗು ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಬೆನ್ನನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದು, ಹೊರಟು ಬಂದೆ. ಈಗಲೂ ಹೋಗುತ್ತೇನೆ, ಬಾಗಿಲು ತೆಗೆಯುತ್ತಾಳೆ, ಕಾಫಿ ಕೊಡುತ್ತಾಳೆ. ಮಗುವನ್ನು ನನ್ನ ಕೈಗೆ ಕೊಡುವುದಿಲ್ಲ. ನಾನು ಕೇಳುವುದೂ ಇಲ್ಲ.

ನಾಗುವನ್ನು ಕಲ್ಲು ಎಂದವರು ನಮ್ಮ ಬಳಗದಲ್ಲಿ ಇನ್ನೂ ಇದ್ದಾರೆ. ಅವರು ಓದಲೆಂದೇ ಇದನ್ನು ಬರೆದಿದ್ದೇನೆ. ಅವಳು ಅಮ್ಮನನ್ನು ಬಿಟ್ಟವಳಲ್ಲ. ಅಮ್ಮ ಬದುಕಿರಲೆಂದು ಬಾಯಿ ಮುಚ್ಚಿಕೊಂಡವಳು. ಅವಳನ್ನು ಅಮ್ಮನಿಂದ ಕಿತ್ತವಳು ನಾನು. ಏನು ಅನ್ನುವುದಿದ್ದರೂ ಇನ್ನು ಮುಂದೆ ನನ್ನನ್ನು ಅನ್ನಿ.